ಹಿತ್ತಲ ಬಾಗಿಲ ಗಂಟೆ

ಮನುಷ್ಯನ ದಿನಚರಿಯಲ್ಲಿ ಗಂಟೆಗೆ ಇರುವ ಅಧಿಕಾರ ಸಾಮಾನ್ಯವಾದುದಲ್ಲ. ಶಾಲೆಯ ಗಂಟೆ ಬಾರಿಸಿತೆಂದರೆ ಆಟದ ಬಯಲಿನಲ್ಲಿ ಚೆಲ್ಲಾಪಿಲ್ಲಿಯಾಗಿದ್ದ ಮಕ್ಕಳು ಸಾಲುಗಟ್ಟಿ ನಿಲ್ಲುತ್ತಾರೆ. ಕಚೇರಿಯ ಮೇಜಿನ ಮೇಲಿನ ಗಂಟೆ ಕಿಣಿಕಿಣಿ ಎಂದರೆ ಹೊರಗೆ ಕುಳಿತ ಜವಾನ ಕೈಯಲ್ಲಿದ್ದ ಚಹದ ಲೋಟವನ್ನು ಕೆಳಗಿಟ್ಟು ಒಳಗೆ ಓಡುತ್ತಾನೆ. ಗುಡಿಯ ಗಂಟೆಯೊಂದನ್ನು ಬಿಟ್ಟರೆ ಉಳಿದ ಗಂಟೆಗಳದೆಲ್ಲ ಒಂದೇ ನಿಯಮ: ಬಾರಿಸುವವನು ಹಿರಿಯ, ಓಗೊಡುವವನು ಕಿರಿಯ. ದಾವಣಗೆರೆಯ ಒಂದು ಬಾಡಿಗೆಯ ಮನೆಯಲ್ಲಿ ಈ ನಿಯಮ ತಲೆಕೆಳಗಾಯಿತು. ಅಲ್ಲಿ ಗಂಟೆಯನ್ನು ಬಾರಿಸಿದುದು ಎರಡು ತಿಂಗಳ ಒಂದು ನಾಯಿಮರಿ. ಅದಕ್ಕೆ ಓಗೊಟ್ಟು ಏಳಬೇಕಾದವರು ಎಪ್ಪತ್ತನ್ನು ದಾಟಿದ ಒಬ್ಬ ಅಜ್ಜ.

ಅಜ್ಜ ತಮ್ಮ ಜೀವಮಾನದಲ್ಲಿ ಬೇರೆಯವರ ಕರೆಗೆ ಎದ್ದವರೇ ಹೊರತು ತಾವು ಯಾರನ್ನೂ ಎಬ್ಬಿಸಿದವರಲ್ಲ. ದಾವಣಗೆರೆ ಒಂದು ಕಾಲಕ್ಕೆ ಹತ್ತಿಯ ಗಿರಣಿಗಳ ಊರು. ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಬಿರುದು ಅದಕ್ಕಿದ್ದಿತು. ಗಿರಣಿಯ ಕೂಗೇ ಆಗ ಊರಿನ ಗಡಿಯಾರ. ಅಜ್ಜ ಅಂಥ ಒಂದು ಗಿರಣಿಯ ನೂಲುವ ವಿಭಾಗದಲ್ಲಿ ಪಾಳಿಯ ಮೇಲೆ ದುಡಿದವರು. ಮೊದಲ ಕೂಗಿಗೆ ಹಾಸಿಗೆ ಬಿಟ್ಟು, ಎರಡನೆಯ ಕೂಗಿಗೆ ಬುತ್ತಿ ಹಿಡಿದು, ಮೂರನೆಯ ಕೂಗಿನ ಹೊತ್ತಿಗೆ ಗಿರಣಿಯ ಬಾಗಿಲನ್ನು ದಾಟಿರಬೇಕಾಗಿತ್ತು. ಗಿರಣಿ ಮುಚ್ಚಿ ಎಷ್ಟೋ ವರ್ಷಗಳಾಗಿದ್ದರೂ ನಸುಕಿನಲ್ಲಿ ಎಚ್ಚರಗೊಂಡು, ಕಿವಿ ನಿಮಿರಿಸಿ, ಕೂಗು ಕೇಳದೆ ಮತ್ತೆ ಮಗ್ಗುಲಾಗುವ ಅಭ್ಯಾಸ ಅವರನ್ನು ಬಿಟ್ಟಿರಲಿಲ್ಲ.

ಇಂಥ ಮನೆಗೆ ಮರಿ ಬಂದುದು ಹರಿಹರದಿಂದ. ಅಜ್ಜನ ಮಗಳನ್ನು ಕೊಟ್ಟಿರುವುದು ಅಲ್ಲಿಗೆ. ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರು. ಗಣೇಶನ ಹಬ್ಬಕ್ಕೆಂದು ಅತ್ತೆಯ ಮನೆಗೆ ಹೋಗಿದ್ದ ಎಂಟನೆಯ ತರಗತಿಯ ಮೊಮ್ಮಗ ಹಿಂದಿರುಗುವಾಗ ಮೋದಕದ ಡಬ್ಬಿಯ ಜೊತೆಗೆ ಒಂದು ಬಿದಿರ ಬುಟ್ಟಿಯನ್ನೂ ತಂದ. ಬುಟ್ಟಿಯೊಳಗೆ ಹಳೆಯ ಸೀರೆಯ ತುಂಡಿನ ಮೇಲೆ, ಇದ್ದಿಲಿನ ಮುದ್ದೆಯಂತೆ ಕರ್ರಗಿನ ಮರಿಯೊಂದು ಮುದುಡಿ ಮಲಗಿತ್ತು. ತಾಯಿ ಬೀದಿಯ ನಾಯಿ. ಮೂರು ಮರಿಗಳಲ್ಲಿ ಉಳಿದುದು ಇದೊಂದೇ ಎಂದು ಅತ್ತೆ ಹೇಳಿ ಕಳುಹಿಸಿದ್ದಳು.

ಹುಡುಗ ಅದಕ್ಕೆ ‘ಕಾಳಿ’ ಎಂದು ಹೆಸರಿಟ್ಟ. ಪಕ್ಕದ ಭಾಗದಲ್ಲಿಯೇ ವಾಸವಾಗಿದ್ದ ಮನೆಯ ಒಡತಿ ಇದನ್ನು ಕೇಳಿ ಹುಬ್ಬೇರಿಸಿದರು.

“ಎಲ್ಲಿಯಾದರೂ ಉಂಟೆ? ದೇವಿಯ ಹೆಸರನ್ನು ನಾಯಿಗೆ ಇಡುತ್ತಾರೆಯೇ?”

“ಸಾವಿರ ವರ್ಷದ ಹಿಂದೆಯೇ ಇಟ್ಟಿದ್ದಾರೆ, ಅಜ್ಜಿ” ಎಂದ ಹುಡುಗ. ಶಾಲೆಯಲ್ಲಿ ಗುರುಗಳು ಆತಕೂರಿನ ಶಾಸನದ ಕಥೆಯನ್ನು ಹೇಳಿದ್ದರು. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನಿಗೂ ಚೋಳರ ರಾಜಾದಿತ್ಯನಿಗೂ ತಕ್ಕೋಲದಲ್ಲಿ ಯುದ್ಧವಾದಾಗ ಗಂಗರ ಇಮ್ಮಡಿ ಬೂತುಗ ಕೃಷ್ಣನ ಪಕ್ಷದಲ್ಲಿ ಹೋರಾಡಿದನು. ಬೂತುಗನ ಸೇವಕನಾದ ಮಣಲೇರನ ಶೌರ್ಯಕ್ಕೆ ಒಡೆಯನು ಮೆಚ್ಚಿ, ಬೇಕಾದುದನ್ನು ಕೇಳು ಎಂದನು. ಮಣಲೇರನು ಕೇಳಿಕೊಂಡುದು ‘ಕಾಳಿ’ ಎಂಬ ಬೇಟೆಯ ನಾಯಿಯನ್ನು. ಮುಂದೆ ಆ ನಾಯಿ ಒಂದು ದೊಡ್ಡ ಹಂದಿಯೊಡನೆ ಸೆಣಸಿ, ಹಂದಿಯನ್ನು ಕೊಂದು ತಾನೂ ಮಡಿಯಿತು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟರು. ಕ್ರಿ.ಶ. 949–50ರ ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಥೆಯನ್ನು ಕೇಳಿದ ಒಡತಿ ಮರಿಯನ್ನು ಒಮ್ಮೆ ದೃಷ್ಟಿಸಿ ನೋಡಿ, “ಇದು ಯಾವ ಹಂದಿಯನ್ನು ಕೊಲ್ಲುತ್ತದೆಯೋ ಕಾಣೆ” ಎಂದು ಒಳಗೆ ಹೋದರು.

ಹಂದಿಯ ಮಾತು ಹಾಗಿರಲಿ, ಮರಿ ಮೊದಲ ವಾರದಲ್ಲಿ ಗೆದ್ದುದು ಮನೆಯ ನೆಲವನ್ನು. ಪಡಸಾಲೆಯಲ್ಲೊಮ್ಮೆ, ಅಡಿಗೆಯ ಮನೆಯ ಹೊಸ್ತಿಲಲ್ಲೊಮ್ಮೆ, ಹುಡುಗನ ಪುಸ್ತಕದ ಚೀಲದ ಮೇಲೊಮ್ಮೆ ಅದು ತನ್ನ ಗುರುತನ್ನು ಇಟ್ಟಿತು. ಅಜ್ಜನಿಗೆ ತಿಳಿದಿದ್ದ ಶಿಕ್ಷಣ ಹಳೆಯ ಕಾಲದ್ದು. ಗದರಿದರು; ಮಡಿಸಿದ ಪತ್ರಿಕೆಯಿಂದ ನೆಲಕ್ಕೆ ಬಡಿದು ಹೆದರಿಸಿದರು; ಕೊನೆಗೆ ಮರಿಯ ಕುತ್ತಿಗೆ ಹಿಡಿದು ಅದರ ಮೂಗನ್ನು ಕೊಳೆಯ ಬಳಿಗೆ ಒತ್ತಿದರು. ಇದರಿಂದ ಮರಿ ಒಂದು ಪಾಠವನ್ನು ಕಲಿತುದೇನೋ ನಿಜ. ಅಂದಿನಿಂದ ಅದು ಅಜ್ಜನ ಕಣ್ಣೆದುರಿಗೆ ಕೊಳೆ ಮಾಡುವುದನ್ನು ಬಿಟ್ಟು, ಮಂಚದ ಕೆಳಗಿನ ಕಬ್ಬಿಣದ ಪೆಟ್ಟಿಗೆಯ ಹಿಂದೆ ಮಾಡತೊಡಗಿತು. ಮೂರು ದಿನಗಳ ಮೇಲೆ ವಾಸನೆಯಿಂದ ಈ ಸಂಗತಿ ಬಯಲಾಯಿತು. ವಾಸನೆಗೆ ಗೋಡೆಯ ಹಂಗಿಲ್ಲವಾದುದರಿಂದ ಅದು ಒಡತಿಯ ಮನೆಯನ್ನೂ ಮುಟ್ಟಿತು.

ಅವರು ಕಟುವಾಗಿ ಮಾತನಾಡುವವರಲ್ಲ. ಸಂಜೆ ಬಂದು ಬಾಗಿಲಲ್ಲಿ ನಿಂತು, “ಯಜಮಾನರೇ, ನಿಮ್ಮ ಮೇಲೆ ನನಗೆ ಬೇಸರವಿಲ್ಲ. ಈ ವಾಸನೆಯನ್ನು ಮಾತ್ರ ತಡೆಯಲಾರೆ. ದೀಪಾವಳಿಯವರೆಗೆ ನೋಡುತ್ತೇನೆ. ಅಷ್ಟರಲ್ಲಿ ಅದು ಒಳಗೆ ಕೊಳೆ ಮಾಡುವುದನ್ನು ಬಿಡಬೇಕು. ಇಲ್ಲವಾದರೆ ಬಂದ ಕಡೆಗೇ ಕಳುಹಿಸಿಬಿಡಿ” ಎಂದರು. ಬಂದ ಕಡೆ ಎಂದರೆ ಹರಿಹರದ ಬೀದಿ; ಎರಡು ಮರಿಗಳನ್ನು ಆಗಲೇ ಕಳೆದುಕೊಂಡ ಬೀದಿ. ಹುಡುಗ ಅಂದು ರಾತ್ರಿ ಊಟ ಮಾಡದೆ ಮಲಗಿದನು.

ಮರುದಿನ ಅಜ್ಜ ಮೊಮ್ಮಗನನ್ನೂ ಮರಿಯನ್ನೂ ಕರೆದುಕೊಂಡು ಸರಕಾರಿ ಪಶು ಆಸ್ಪತ್ರೆಗೆ ಹೋದರು. ಅಲ್ಲಿಯ ವೈದ್ಯೆ ಮರಿಗೆ ಚುಚ್ಚುಮದ್ದು ಹಾಕಿ, ಅಜ್ಜನ ದೂರನ್ನೆಲ್ಲ ತಾಳ್ಮೆಯಿಂದ ಕೇಳಿ, “ಅಜ್ಜಾರೇ, ಎರಡು ತಿಂಗಳ ಕೂಸು ಹಾಸಿಗೆ ಒದ್ದೆ ಮಾಡಿದರೆ ನೀವು ಹೊಡೆಯುತ್ತೀರಾ?” ಎಂದು ಕೇಳಿದರು. ಅನಂತರ ಅವರು ವಿವರಿಸಿದರು. ಇಷ್ಟು ಚಿಕ್ಕ ಮರಿ ಎಚ್ಚರವಿರುವಾಗ ಎರಡು ಮೂರು ಗಂಟೆಗಳಿಗಿಂತ ಹೆಚ್ಚು ಹೊತ್ತು ತಡೆದುಕೊಳ್ಳಲಾರದು. ನಿದ್ದೆಯಿಂದ ಎದ್ದೊಡನೆ, ಊಟವಾದ ಸ್ವಲ್ಪ ಹೊತ್ತಿಗೆ, ಆಟವಾಡಿದ ಬೆನ್ನಿಗೇ ಅದಕ್ಕೆ ಹೊರಗೆ ಹೋಗಬೇಕಾಗುತ್ತದೆ. ನೆಲವನ್ನು ಮೂಸುತ್ತಾ ಸುತ್ತತೊಡಗಿದರೆ ಹೊತ್ತು ಬಂದಿತೆಂದೇ ಅರ್ಥ. ಕೊಳೆಯಾದ ನೆಲದಲ್ಲಿ ವಾಸನೆ ಉಳಿದರೆ ಮರಿ ಮತ್ತೆ ಅಲ್ಲಿಗೇ ಬರುತ್ತದೆ. ಆದುದರಿಂದ ವಾಸನೆ ಪೂರ್ತಿ ಹೋಗುವಂತೆ ತೊಳೆಯಬೇಕು. ಅಮೋನಿಯ ಬೆರೆತ ದ್ರವಗಳು ಮೂತ್ರದ ವಾಸನೆಯನ್ನೇ ಹೋಲುವುದರಿಂದ ಅವುಗಳನ್ನು ಬಳಸಬಾರದು. ಚುಚ್ಚುಮದ್ದುಗಳೆಲ್ಲ ಮುಗಿಯುವವರೆಗೆ ಬೀದಿಗೆ ಬಿಡದೆ ಹಿತ್ತಲಿಗೇ ಕರೆದೊಯ್ಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆದ ಮೇಲೆ ದಂಡಿಸುವುದರಿಂದ ಮರಿಗೆ ತನ್ನ ತಪ್ಪು ತಿಳಿಯುವುದಿಲ್ಲ; ದಂಡಿಸುವವರ ಭಯ ಮಾತ್ರ ಉಳಿಯುತ್ತದೆ.

“ಹೊರಗೆ ಹೋಗಬೇಕೆಂದು ಅದಕ್ಕೆ ಅನಿಸುತ್ತದೆ. ಹಾಗೆಂದು ನಿಮಗೆ ಹೇಳಲು ಅದಕ್ಕೆ ಮಾತಿಲ್ಲ. ಬಾಗಿಲಿಗೆ ಒಂದು ಗಂಟೆಯನ್ನು ಕಟ್ಟಿಕೊಡಿ, ಅದೇ ಅದರ ಮಾತಾಗಲಿ” ಎಂದು ವೈದ್ಯೆ ಉಪಾಯವನ್ನು ತಿಳಿಸಿದರು.

ಗಂಟೆ ಮತ್ತು ನಾಯಿ ಎಂದೊಡನೆ ವಿಜ್ಞಾನವನ್ನು ಓದಿದವರಿಗೆ ರಷ್ಯದ ಇವಾನ್ ಪಾವ್‌ಲೋವ್‌ನ (1849–1936) ನೆನಪಾಗುತ್ತದೆ. ಜೀರ್ಣಕ್ರಿಯೆಯ ಅಧ್ಯಯನಕ್ಕಾಗಿ 1904ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಈತ, ಆಹಾರ ಕೊಡುವ ಮುನ್ನ ಪ್ರತಿ ಸಲವೂ ಒಂದು ಸದ್ದನ್ನು ಕೇಳಿಸುತ್ತ ಬಂದರೆ, ಕೆಲಕಾಲದ ಮೇಲೆ ಬರಿಯ ಸದ್ದಿಗೇ ನಾಯಿಯ ಬಾಯಲ್ಲಿ ನೀರೂರುವುದೆಂದು ತೋರಿಸಿಕೊಟ್ಟನು. ಅಲ್ಲಿ ಸದ್ದು ಮಾಡುವವನು ಮನುಷ್ಯ; ನಾಯಿ ಕೇಳುವುದಷ್ಟೆ. ಬಾಗಿಲ ಗಂಟೆಯ ಪಾಠಕ್ಕೆ ಹೆಚ್ಚು ಹತ್ತಿರವಾದುದು ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲಿ ಪ್ರಕಟಿಸಿದ ಪ್ರಯೋಗ. ಅವನು ಹಸಿದ ಬೆಕ್ಕನ್ನು ಪೆಟ್ಟಿಗೆಯಲ್ಲಿಟ್ಟು, ಆಹಾರವನ್ನು ಹೊರಗಿಡುತ್ತಿದ್ದನು. ಒಳಗಿನ ದಾರದ ಕುಣಿಕೆಯನ್ನು ಎಳೆದರೆ ಬಾಗಿಲು ತೆರೆಯುವಂತೆ ಏರ್ಪಾಡಿತ್ತು. ಬೆಕ್ಕು ಪರಚಿ ಒದ್ದಾಡುತ್ತ, ಮೊದಲು ಆಕಸ್ಮಿಕವಾಗಿ ಕುಣಿಕೆಯನ್ನು ಎಳೆಯಿತು. ಮತ್ತೆ ಮತ್ತೆ ಪೆಟ್ಟಿಗೆಯಲ್ಲಿಟ್ಟಂತೆ ಅದು ಹೊರಬರುವ ಹೊತ್ತು ಕಡಿಮೆಯಾಗುತ್ತ ಬಂದಿತು. ಯಾವ ಕೆಲಸದಿಂದ ಒಳ್ಳೆಯ ಫಲ ದೊರೆಯುವುದೋ ಆ ಕೆಲಸವನ್ನು ಪ್ರಾಣಿ ಮತ್ತೆ ಮಾಡುತ್ತದೆ ಎಂಬುದು ಅವನ ನಿರ್ಣಯ. ಆ ಬೆಕ್ಕಿಗೆ ಕುಣಿಕೆ ಹೇಗೋ ಈ ಮರಿಗೆ ಗಂಟೆ ಹಾಗೆ.

ಅಜ್ಜ ಗಂಟೆಯನ್ನು ಅಂಗಡಿಯಿಂದ ತರಲಿಲ್ಲ. ಹರಿಹರದ ಆಚೆಯ ಹಳ್ಳಿಯಲ್ಲಿ ಅವರ ತಂದೆಗೆ ಒಂದು ಜೊತೆ ಎತ್ತುಗಳಿದ್ದವು. ಆ ಎತ್ತುಗಳ ಕೊರಳ ಗೆಜ್ಜೆಯ ಸರ ಕಬ್ಬಿಣದ ಪೆಟ್ಟಿಗೆಯಲ್ಲಿ ಹಾಗೆಯೇ ಇತ್ತು. ಅದನ್ನು ಹುಣಿಸೆಹಣ್ಣಿನಿಂದ ಉಜ್ಜಿ ಹಿತ್ತಲ ಬಾಗಿಲಿಗೆ ತೂಗುಹಾಕಿದರು. ಎರಡನೆಯ ದಿನವೇ ಮರಿ ಗೆಜ್ಜೆಗೆ ಕಾಲು ಹಾಕಲು, ಅದರ ಉಗುರು ಗೆಜ್ಜೆಯ ಸೀಳಿನಲ್ಲಿ ಸಿಕ್ಕಿಕೊಂಡು ದೊಡ್ಡ ಗೋಳಾಟವಾಯಿತು. ಗೆಜ್ಜೆ ಮತ್ತೆ ಪೆಟ್ಟಿಗೆಯನ್ನು ಸೇರಿತು. ಅದೇ ಸರದ ನಡುವಿನಲ್ಲಿದ್ದ, ಒಳಗೆ ನಾಲಗೆಯುಳ್ಳ ಹಿತ್ತಾಳೆಯ ಕಿರುಗಂಟೆಯೊಂದನ್ನು ಬಿಚ್ಚಿ, ಗಟ್ಟಿಯಾದ ಹುರಿಗೆ ಕಟ್ಟಿ, ಮರಿಯ ಮೂಗಿನ ಎತ್ತರಕ್ಕೆ ಇಳಿಬಿಟ್ಟರು. ಹೊಸ ಸದ್ದಿಗೆ ಅದು ಬೆಚ್ಚಿ ಹಿಂದೆ ಸರಿದುದರಿಂದ, ಮೊದಲ ಕೆಲವು ದಿನ ಗಂಟೆಯ ನಾಲಗೆಗೆ ಬಟ್ಟೆ ಸುತ್ತಬೇಕಾಯಿತು.

ಪಾಠ ಹೀಗೆ ನಡೆಯಿತು. ಅಜ್ಜ ಗಂಟೆಯನ್ನು ಅಂಗೈಯಲ್ಲಿ ಹಿಡಿಯುವರು. ಕುತೂಹಲದಿಂದ ಮರಿ ಅದನ್ನು ಮೂಗಿನಿಂದ ಮುಟ್ಟಿದೊಡನೆ ಹುಡುಗ ‘ಭಲೇ’ ಎಂದು ಒಂದು ಚೂರು ತಿಂಡಿ ಕೊಡುವನು. ಮೊದಲು ಕೊಟ್ಟುದು ದಾವಣಗೆರೆಯ ಹೆಸರಾಂತ ಮಂಡಕ್ಕಿಯನ್ನು. ಅದು ಫ್ಯಾನಿನ ಗಾಳಿಗೆ ಹಾರಿಹೋಗಿ, ಮರಿ ಪಾಠವನ್ನು ಮರೆತು ಮಂಡಕ್ಕಿಯ ಬೆನ್ನಟ್ಟತೊಡಗಿದ್ದರಿಂದ, ಜೋಳದ ಒಣರೊಟ್ಟಿಯ ಚೂರಿಗೆ ಬಡ್ತಿಯಾಯಿತು. ಮುಟ್ಟುವುದು ರೂಢಿಯಾದ ಮೇಲೆ ಗಂಟೆಯನ್ನು ಬಾಗಿಲಿಗೆ ಕಟ್ಟಿದರು. ಪ್ರತಿ ಸಲ ಹೊರಗೆ ಕರೆದೊಯ್ಯುವಾಗಲೂ ಮರಿ ಗಂಟೆಯನ್ನು ಮುಟ್ಟಬೇಕು. ಮುಟ್ಟಿದೊಡನೆ ‘ಹೊರಗೆ’ ಎಂಬ ಒಂದೇ ಮಾತನ್ನು ಹೇಳಿ ಬಾಗಿಲನ್ನು ತೆರೆಯಬೇಕು. ಹಿತ್ತಲಿನ ಬೇವಿನ ಮರದ ಬುಡದಲ್ಲಿ ಕೆಲಸ ಮುಗಿದ ಕ್ಷಣವೇ ರೊಟ್ಟಿಯ ಚೂರು. ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದುದಕ್ಕೆ ಕೊಟ್ಟಂತಾಗುತ್ತದೆ ಎಂದು ವೈದ್ಯೆ ಎಚ್ಚರಿಸಿದ್ದರು. ಮುಂಜಾನೆಯಿಂದ ರಾತ್ರಿಯವರೆಗೆ ಇದೇ ವಿಧಿ. ಹುಡುಗ ಗೋಡೆಯ ಪಂಚಾಂಗದ ಹಾಳೆಯಲ್ಲಿ ಹೊರಗಾದುದಕ್ಕೆ ಒಂದು ಗೆರೆ, ಒಳಗಾದುದಕ್ಕೆ ಒಂದು ಸೊನ್ನೆ ಬರೆಯುತ್ತಿದ್ದನು. ದಿನ ಕಳೆದಂತೆ ಗೆರೆಗಳು ಹೆಚ್ಚಿ ಸೊನ್ನೆಗಳು ವಿರಳವಾದವು.

ಒಂದು ಬೆಳಿಗ್ಗೆ, ಎಲ್ಲರೂ ತಂತಮ್ಮ ಕೆಲಸದಲ್ಲಿದ್ದಾಗ, ಹಿತ್ತಲ ಕಡೆಯಿಂದ ‘ಟಿಣ್’ ಎಂಬ ಸದ್ದು ಕೇಳಿಸಿತು. ಯಾರೂ ಕರೆದೊಯ್ದಿರಲಿಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ. ಮರಿ ಬಾಗಿಲ ಮುಂದೆ ಕುಳಿತು, ತಲೆ ಹೊರಳಿಸಿ, ಮನೆಯವರ ಕಡೆ ನೋಡುತ್ತಿತ್ತು. ಅಜ್ಜ ಓದುತ್ತಿದ್ದ ಪತ್ರಿಕೆಯನ್ನು ಬಿಟ್ಟು, ಹಿಂದೆ ಗಿರಣಿಯ ಮೂರನೆಯ ಕೂಗಿಗೆ ಓಡುತ್ತಿದ್ದ ವೇಗದಲ್ಲಿ ಓಡಿ ಬಾಗಿಲು ತೆರೆದರು.

ಮಾತು ಕಲಿತ ಮಗು ಮಾತನಾಡದೆ ಇರುವುದುಂಟೆ? ಎರಡು ದಿನಗಳಲ್ಲಿ ಮರಿಗೆ ಗಂಟೆಯ ಶಕ್ತಿ ಪೂರ್ತಿಯಾಗಿ ತಿಳಿಯಿತು. ಅಳಿಲು ಕಂಡರೆ ಟಿಣ್. ಹಿತ್ತಲಲ್ಲಿ ಕಾಗೆ ಕೂಗಿದರೆ ಟಿಣ್. ಏನೂ ಇಲ್ಲದಿದ್ದರೆ ಬೇಸರಕ್ಕೆ ಟಿಣ್. ಇದಕ್ಕೂ ವೈದ್ಯೆ ಮದ್ದು ಹೇಳಿದ್ದರು. ಬಾರಿಸಿದಾಗಲೆಲ್ಲ ಹಗ್ಗ ಕಟ್ಟಿ ಬೇವಿನ ಬುಡಕ್ಕೆ ಮಾತ್ರ ಕರೆದೊಯ್ಯಬೇಕು. ನಾಲ್ಕೈದು ನಿಮಿಷ ಕಾಯಬೇಕು. ಏನೂ ಆಗದಿದ್ದರೆ ಆಟಕ್ಕೆ ಬಿಡದೆ ಒಳಗೆ ತರಬೇಕು. ಗಂಟೆ ಆಟದ ಬಾಗಿಲನ್ನು ತೆರೆಯುವುದಿಲ್ಲವೆಂದು ಮರಿ ತಾನಾಗಿಯೇ ಅರಿಯುತ್ತದೆ. ಆದರೆ ಇದರಲ್ಲಿ ಒಂದು ಕಷ್ಟವಿದೆ: ಹತ್ತು ಸಲ ಸುಳ್ಳಾದರೂ ಹನ್ನೊಂದನೆಯ ಸಲ ಏಳಲೇಬೇಕು.

ಆ ಹನ್ನೊಂದನೆಯ ಸಲ ಅಜ್ಜ ಏಳಲಿಲ್ಲ. ಮಧ್ಯಾಹ್ನದ ಹೊತ್ತು, ಮೊಣಕಾಲಿನ ನೋವು, ಆಗತಾನೆ ಕಣ್ಣು ಹತ್ತಿತ್ತು. ಗಂಟೆ ಒಮ್ಮೆ ಬಾರಿಸಿತು. “ಅಳಿಲಿರಬೇಕು” ಎಂದುಕೊಂಡರು. ಮತ್ತೊಮ್ಮೆ ಬಾರಿಸಿತು. “ಇದರ ಚೇಷ್ಟೆ ಹೆಚ್ಚಾಯಿತು” ಎಂದು ಮಗ್ಗುಲಾದರು. ಮೂರನೆಯ ಸಲ ಬಿಟ್ಟು ಬಿಟ್ಟು ನಾಲ್ಕಾರು ಬಾರಿ ಸದ್ದಾಗಿ, ಅನಂತರ ಎಲ್ಲವೂ ಮೌನವಾಯಿತು. ಅವರು ಎದ್ದು ಹೋಗಿ ನೋಡಿದಾಗ ಸರಿಯಾಗಿ ಗಂಟೆಯ ಕೆಳಗೆ, ಹೊಸ್ತಿಲಿಗೆ ಅಂಟಿಕೊಂಡಂತೆ, ನೆಲ ಒದ್ದೆಯಾಗಿತ್ತು. ಮರಿ ಗೋಡೆಯ ಮೂಲೆಗೆ ಒತ್ತಿಕೊಂಡು, ಬಾಲವನ್ನು ಕಾಲುಗಳ ನಡುವೆ ಸೇರಿಸಿ, ಅಜ್ಜನ ಕೈಯನ್ನೇ ನೋಡುತ್ತಿತ್ತು. ಆ ಕೈ ಹಿಂದೆ ಪತ್ರಿಕೆಯನ್ನು ಮಡಿಸಿ ಹಿಡಿದ ಕೈ.

ಅಜ್ಜ ಅಲ್ಲಿಯೇ ಹೊಸ್ತಿಲ ಮೇಲೆ ಕುಳಿತುಬಿಟ್ಟರು. ಅವರಿಗೆ ಬೇರೊಂದು ಬಾಗಿಲ ನೆನಪಾಯಿತು. ವರ್ಷಗಟ್ಟಲೆ ಅವರನ್ನು ಕೂಗಿ ಎಬ್ಬಿಸಿದ್ದ ಗಿರಣಿ ಒಂದು ಬೆಳಿಗ್ಗೆ ಕೂಗಲಿಲ್ಲ. ಹೋಗಿ ನೋಡಿದರೆ ಬಾಗಿಲಿಗೆ ಬೀಗ ಬಿದ್ದಿತ್ತು. ಬರಬೇಕಾದ ಕೂಲಿಗಾಗಿ ಅವರೂ ಅವರ ಜೊತೆಯವರೂ ಅರ್ಜಿಗಳನ್ನು ಬರೆಸಿಕೊಂಡು ಎಷ್ಟೋ ಬಾಗಿಲುಗಳ ಮುಂದೆ ನಿಂತರು. ಒಳಗೆ ಜನರಿದ್ದುದು ಕಿಟಕಿಯಿಂದ ಕಾಣುತ್ತಿತ್ತು. ಅವರು ಮಾತನಾಡುತ್ತಿದ್ದುದೂ ಕೇಳಿಸುತ್ತಿತ್ತು. ಎದ್ದು ಬಂದವರು ಮಾತ್ರ ಯಾರೂ ಇಲ್ಲ. ಬಾಗಿಲು ತಟ್ಟಿದವರಲ್ಲಿ ಕೆಲವರು ಸಿಟ್ಟಾಗಿ ಕೂಗಾಡಿದಾಗ, “ಈ ಜನಕ್ಕೆ ಶಿಸ್ತಿಲ್ಲ” ಎಂಬ ಮಾತು ಬಂದಿತು. ಕ್ರಮವಾಗಿ ತಟ್ಟಿದಾಗ ಕೇಳಿಸಿಕೊಳ್ಳದವರು ಕ್ರಮ ತಪ್ಪಿದುದನ್ನು ಮಾತ್ರ ಕಂಡರು. ಆ ದಿನ ಅಜ್ಜನಿಗೆ ಆದ ನೋವು ಇಷ್ಟು ವರ್ಷಗಳ ಮೇಲೆ, ಒಂದು ಮರಿಯ ಕಣ್ಣಿನಲ್ಲಿ ಅವರಿಗೆ ಎದುರಾಯಿತು.

ಅವರು ಎದ್ದು ನೆಲವನ್ನು ತೊಳೆದರು. ಮರಿಯ ಬಳಿ ಕುಳಿತು ಅದರ ತಲೆಯನ್ನು ಸವರಿದರು. ಸಂಜೆ ಶಾಲೆಯಿಂದ ಬಂದ ಹುಡುಗ ಪಂಚಾಂಗದಲ್ಲಿ ಸೊನ್ನೆ ಬರೆಯಲು ಹೋದಾಗ, “ಆ ಸೊನ್ನೆಯನ್ನು ಕಾಳಿಯ ಲೆಕ್ಕಕ್ಕೆ ಹಾಕಬೇಡ. ಅದು ಮೂರು ಸಲ ಕರೆಯಿತು. ಏಳದವನು ನಾನು. ನನ್ನ ಹೆಸರಿನಲ್ಲಿ ಬರೆ” ಎಂದರು. ಹುಡುಗ ಹಾಳೆಯ ಅಂಚಿನಲ್ಲಿ ‘ಅಜ್ಜ’ ಎಂದು ಬರೆದು ಅದರ ಮುಂದೆ ಸೊನ್ನೆಯನ್ನು ಇಟ್ಟನು.

ಮೂಕಪ್ರಾಣಿ ಗಂಟೆ ಬಾರಿಸಿದ ಕಥೆ ನಮ್ಮ ನಾಡಿಗೆ ಹೊಸದಲ್ಲ. ತಮಿಳುನಾಡಿನ ತಿರುವಾರೂರಿನಲ್ಲಿ ಮನುನೀತಿ ಚೋಳನೆಂಬ ಅರಸನು ಅರಮನೆಯ ಬಾಗಿಲಿಗೆ ನ್ಯಾಯದ ಗಂಟೆಯನ್ನು ಕಟ್ಟಿಸಿದ್ದನೆಂದೂ, ರಾಜಕುಮಾರನ ರಥಕ್ಕೆ ಸಿಕ್ಕಿ ಕರು ಸತ್ತಾಗ ಅದರ ತಾಯಿ ಬಂದು ಆ ಗಂಟೆಯನ್ನು ಎಳೆಯಿತೆಂದೂ ಐತಿಹ್ಯವಿದೆ. ಮೊಗಲ ಚಕ್ರವರ್ತಿ ಜಹಾಂಗೀರನು 1605ರಲ್ಲಿ ಪಟ್ಟಕ್ಕೆ ಬಂದಾಗ, ಆಗ್ರಾ ಕೋಟೆಯಿಂದ ಯಮುನೆಯ ದಡದ ಕಲ್ಲುಕಂಬದವರೆಗೆ 60 ಗಂಟೆಗಳಿದ್ದ ಚಿನ್ನದ ಸರಪಳಿಯನ್ನು ಕಟ್ಟಿಸಿದುದಾಗಿ ತನ್ನ ಆತ್ಮಚರಿತ್ರೆಯಲ್ಲಿ ಬರೆದುಕೊಂಡಿದ್ದಾನೆ. ಅನ್ಯಾಯಕ್ಕೊಳಗಾದವರು ಅದನ್ನು ಅಲುಗಿಸಿ ಅರಸನ ಗಮನವನ್ನು ಸೆಳೆಯಬಹುದಾಗಿತ್ತು. ಗಂಟೆಯನ್ನು ಕಟ್ಟಿಸುವುದು ಕಷ್ಟವಲ್ಲ. ಹಿತ್ತಾಳೆಯೂ ಚಿನ್ನವೂ ಹಣಕ್ಕೆ ದೊರೆಯುತ್ತವೆ. ಸದ್ದಾದಾಗ ಎದ್ದು ಬರುವುದರಲ್ಲಿಯೇ ಅದರ ಬೆಲೆ ಇರುವುದು. ಚೋಳನ ಹೆಸರು ಜನರ ಬಾಯಲ್ಲಿ ಉಳಿದುದು ಅವನು ಗಂಟೆ ಕಟ್ಟಿಸಿದನೆಂದಲ್ಲ, ಹಸುವಿನ ಕರೆಗೆ ಎದ್ದು ಬಂದನೆಂದು.

ಅಜ್ಜ ಅಂದಿನಿಂದ ಗಂಟೆಯ ಕರೆಯನ್ನು ತಪ್ಪಿಸಲಿಲ್ಲ. ದಸರೆಯ ರಜೆಯಲ್ಲಿ ಎಲ್ಲರೂ ಹರಿಹರಕ್ಕೆ ಹೋದಾಗ ಮರಿಯನ್ನೂ ಕರೆದೊಯ್ದರು. ಗಂಟೆ ಮಾತ್ರ ದಾವಣಗೆರೆಯ ಬಾಗಿಲಿನಲ್ಲಿಯೇ ಉಳಿಯಿತು. ಹೊಸ ಮನೆಯಲ್ಲಿ ಮರಿ ಬಾಗಿಲಿನಿಂದ ಬಾಗಿಲಿಗೆ ಅಲೆದು, ಮುಟ್ಟಲು ಏನೂ ದೊರೆಯದೆ, ಅತ್ತೆಯ ಪಡಸಾಲೆಯ ನಡುವೆಯೇ ಕೆಲಸ ಮುಗಿಸಿತು. ಒಂದು ಕಡೆ ಕಲಿತ ಪಾಠವನ್ನು ಮರಿ ಇನ್ನೊಂದು ಕಡೆಗೆ ತಾನಾಗಿ ಹೊಂದಿಸಿಕೊಳ್ಳಲಾರದು. ಅದರ ಮಾತನ್ನು ಅದರೊಡನೆಯೇ ಒಯ್ಯಬೇಕು. ಅಂದು ಸಂಜೆ, ಹತ್ತಿರದ ಹರಿಹರೇಶ್ವರನ ಗುಡಿಯಲ್ಲಿ ಮಂಗಳಾರತಿಯ ಗಂಟೆ ಮೊಳಗಿದಾಗ ಮಲಗಿದ್ದ ಮರಿ ಥಟ್ಟನೆ ಎದ್ದು ಬಾಗಿಲ ಕಡೆಗೆ ನೋಡಿತು. ಎಲ್ಲರೂ ನಕ್ಕರು. ಅಜ್ಜ ನಗಲಿಲ್ಲ. ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ, 1224ರ ಸುಮಾರಿಗೆ, ಪೋಲಾಳ್ವ ದಂಡನಾಯಕನು ಕಟ್ಟಿಸಿದ ಗುಡಿ ಅದು. ತುಂಗಭದ್ರೆಯ ದಡದಲ್ಲಿ ಹರಿ ಹರರು ಒಂದೇ ಮೂರ್ತಿಯಾಗಿ ನಿಂತಿದ್ದಾರೆ. ಅಲ್ಲಿ ಗಂಟೆಯನ್ನು ಬಾರಿಸುವವನು ಭಕ್ತ, ಕೇಳಬೇಕಾದವನು ದೇವರು. “ನಾವು ಬಾರಿಸುವ ಗಂಟೆಯೂ ಎಷ್ಟೋ ಸಲ ಅಳಿಲಿನ ಗಂಟೆಯೇ. ಆದರೂ ಅವನು ಕೇಳುತ್ತಾನೆಂದೇ ನಾವು ನಂಬುತ್ತೇವಲ್ಲ” ಎಂದು ಅಜ್ಜ ಮಗಳಿಗೆ ಹೇಳಿದರು.

ದೀಪಾವಳಿ ಬಂದಿತು. ಆ ವೇಳೆಗೆ ಪಂಚಾಂಗದ ಹಾಳೆಯಲ್ಲಿ ಸೊನ್ನೆ ಕಾಣದೆ ಹತ್ತಾರು ದಿನಗಳಾಗಿದ್ದವು. ಆದರೂ ಹುಡುಗನಿಗೆ ಒಳಗೊಳಗೆ ಅಳುಕಿತ್ತು. ಒಡತಿ ತಮ್ಮ ಮಾತನ್ನು ಮರೆಯುವವರಲ್ಲ. ಹಬ್ಬದ ಸಂಜೆ ಮನೆಯವರೆಲ್ಲ ಬೀದಿಯ ಕಡೆ ಹಣತೆಗಳನ್ನು ಸಾಲಾಗಿ ಇಡುತ್ತಿದ್ದರು. ಪಟಾಕಿಗಳ ಸದ್ದಿಗೆ ಮರಿ ನಡುಗುತ್ತ ಮಂಚದ ಕೆಳಗೆ, ಆ ಹಳೆಯ ಕಬ್ಬಿಣದ ಪೆಟ್ಟಿಗೆಯ ಹಿಂದೆ ಸೇರಿತ್ತು. ಒಡತಿ ಹಿತ್ತಲಿನ ತುಳಸಿಯ ಕಟ್ಟೆಗೆ ದೀಪವಿಡಲು ಬಂದಿದ್ದರು. ಪಟಾಕಿಯ ಒಂದು ಸರ ಸಿಡಿದು ಮುಗಿದು, ಇನ್ನೊಂದು ಹೊತ್ತಿಕೊಳ್ಳುವ ನಡುವೆ, ಚಿಲಕ ಹಾಕದೆ ಮುಚ್ಚಿದ್ದ ಬಾಗಿಲಿನ ಒಳಗಿನಿಂದ ಸಣ್ಣಗೆ ‘ಟಿಣ್’ ಎಂದಿತು. ಅವರು ಯಾರಾದರೂ ಬರುವರೆಂದು ಕಾದರು. ಬೀದಿಯಲ್ಲಿದ್ದವರಿಗೆ ಆ ಸದ್ದು ಕೇಳಿಸುವಂತಿರಲಿಲ್ಲ. ಮತ್ತೊಮ್ಮೆ ‘ಟಿಣ್’ ಎಂದಿತು.

ಸ್ವಲ್ಪ ಹೊತ್ತಿನ ಮೇಲೆ ಒಡತಿ ಬೀದಿಯ ಬಾಗಿಲಿಗೆ ಬಂದರು. ಅವರ ಒಂದು ಕೈಯಲ್ಲಿ ಆರಿಹೋದ ಹಣತೆಯಿತ್ತು. ಇನ್ನೊಂದು ಕೈಯ ಬಳಿ, ಅವರ ಸೆರಗಿನ ಅಂಚನ್ನು ಒತ್ತಿಕೊಂಡು ಮರಿ ನಿಂತಿತ್ತು.

“ಯಜಮಾನರೇ, ನಿಮ್ಮ ಕಾಳಿ ಎರಡು ಸಲ ಬಾರಿಸಿತು. ನೀವು ಯಾರೂ ಬರಲಿಲ್ಲ. ಕೊನೆಗೆ ನಾನೇ ಬಾಗಿಲು ತೆಗೆದೆ” ಎಂದರು. “ಪಾಪ, ಇಷ್ಟು ಹೆದರಿಕೆಯಲ್ಲಿಯೂ ಬೇವಿನ ಮರದವರೆಗೆ ಹೋಯಿತು. ನಾನು ಪಕ್ಕದಲ್ಲಿ ನಿಂತಿರಬೇಕಾಯಿತು, ಅಷ್ಟೆ.”

ಹಬ್ಬ ಮುಗಿದ ಮರುದಿನ ಅಜ್ಜ ಸುತ್ತಿಗೆ ಹಿಡಿದು ಹಿತ್ತಲ ಬಾಗಿಲ ಬಳಿಗೆ ಹೋದರು. ಮರಿ ಬೆಳೆದಿತ್ತು, ಗಂಟೆ ಈಗ ಅದರ ಮುಂಗಾಲಿಗೆ ತಾಕುತ್ತಿತ್ತು. ಹುರಿಯನ್ನು ನಾಲ್ಕು ಬೆರಳು ಮೇಲಕ್ಕೆತ್ತಿ, ಹೊಸ ಮೊಳೆ ಹೊಡೆದು, ಗಂಟೆಯನ್ನು ಮತ್ತೆ ಅದರ ಮೂಗಿನ ಎತ್ತರಕ್ಕೆ ಕಟ್ಟಿದರು.